ಒಂದೇ ನಂಬರಿನ ಮೂವತ್ತೇಳು ಮಂದಿ

ಬಿಸಿ ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಿದ್ದರೆ ಎಲ್ಲರಿಗೂ ಹಸಿವಾಗುತ್ತದಂತೆ. ನನಗೆ ದಣಿವಾಗುತ್ತದೆ. ಮೊನ್ನೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಂಗಸು ಬಂದು ಕುಳಿತರು. ತೊಡೆಯ ಮೇಲೆ ತಗಡಿನ ಹಿಟ್ಟಿನ ಡಬ್ಬಿ. ಗಿರಣಿಯಿಂದ ಆಗಷ್ಟೇ ಬೀಸಿಕೊಂಡು ಬಂದದ್ದಿರಬೇಕು, ಬಸ್ಸು ಕುಲುಕಿದಾಗಲೆಲ್ಲ ಬೆಚ್ಚಗಿನ ತಗಡು ನನ್ನ ಮೊಣಕೈಗೆ ತಾಗುತ್ತಿತ್ತು. ನನ್ನ ಚೀಲದಲ್ಲಿ ಅಂದಿನ ಪಾಠದ ಹಾಳೆಗಳಿದ್ದವು. ನಾನೀಗ ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಮಾಹಿತಿಯ ಪಟ್ಟಿಯನ್ನು ಶುಚಿ ಮಾಡುವುದು ಹೇಗೆ ಎಂದು ಹೇಳಿಕೊಡುವುದು ನನ್ನ ಕೆಲಸ. ‘ಶುಚಿ’ ಎನ್ನುವಾಗ ಪ್ರತಿ ವರ್ಷವೂ ನನ್ನ ಮಾತು ಒಂದು ಕ್ಷಣ ನಿಲ್ಲುತ್ತದೆ. ವಿದ್ಯಾರ್ಥಿಗಳು ಮೇಡಂಗೆ ಗಂಟಲು ಕಟ್ಟಿದೆ ಎಂದುಕೊಳ್ಳುತ್ತಾರೆ.

ನಾನು ಓದಿದ್ದೂ ಅದೇ ಊರಿನಲ್ಲಿ, ವಿಶ್ವವಿದ್ಯಾಲಯದ ಒಂದು ಸ್ನಾತಕೋತ್ತರ ಕೇಂದ್ರದಲ್ಲಿ. ಬಿಸಿನೆಸ್ ಅನಲಿಟಿಕ್ಸ್ ಮತ್ತು ಸೈಬರ್ ಸೆಕ್ಯುರಿಟಿ ಎರಡನ್ನೂ ಸೇರಿಸಿ ಒಂದೇ ಪದವಿ ಮಾಡಿದ್ದರು. ನಮ್ಮ ಮನೆ ಮಾಣಿಕನಗರದಲ್ಲಿ. ಅಪ್ಪ ಆಟೋ ಓಡಿಸುತ್ತಾರೆ. ಮೊದಲ ದಿನ ಪುಸ್ತಕಗಳನ್ನು ತಂದು ಇಟ್ಟಾಗ ಅವರು ಎರಡೂ ಕಟ್ಟುಗಳನ್ನು ಕೈಯಲ್ಲಿ ತೂಗಿ ನೋಡಿದ್ದರು.

“ಎರಡೆರಡು ಯಾಕ ಓದಾಕತ್ತಿ? ಒಂದ ಓದಿದರ ಸಾಲಂಗಿಲ್ಲೇನು?”

“ಎರಡೂ ಕೂಡಿ ಒಂದೇ ಡಿಗ್ರಿ ಅದ ಅಪ್ಪಾ.”

“ಹಂಗಾರ ಅರ್ಧರ್ಧ ಕಲಸ್ತಾರ ಅನ್ನು.”

ಅಪ್ಪ ತಮಾಷೆಗೆ ಹೇಳಿದ್ದರು. ಎರಡನೆಯ ವರ್ಷ ಬರುವ ಹೊತ್ತಿಗೆ ಅದು ತಮಾಷೆಯಾಗಿ ಉಳಿದಿರಲಿಲ್ಲ. ಬೆಳಿಗ್ಗೆ ಏಳರ ಬಸ್ಸು, ಸಂಜೆ ಆರಕ್ಕೆ ಮನೆ. ಹೆದ್ದಾರಿಯ ಮೇಲೆ ಲಾರಿಗಳ ಹಿಂದೆ ತೆವಳುವ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿಸಿಕೊಳ್ಳುತ್ತಾ ನಿದ್ದೆ. ಬೆಳಗಿನ ತರಗತಿ ಅನಲಿಟಿಕ್ಸ್ ಮೇಡಂದು. ಸಿಕ್ಕಿದ್ದನ್ನೆಲ್ಲ ಕೂಡಿಡಿ, ಒಂದಕ್ಕೊಂದು ಜೋಡಿಸಿ, ಯಾವ ಕಾಳು ಎಲ್ಲಿ ಮೊಳೆಯುತ್ತದೋ ಹೇಳಲಾಗದು ಎನ್ನುತ್ತಿದ್ದರು. ಮಧ್ಯಾಹ್ನದ್ದು ಸೆಕ್ಯುರಿಟಿ ಸರ್ ಪಾಠ. ಬೇಡದ್ದನ್ನು ಇಟ್ಟುಕೊಳ್ಳಲೇಬೇಡಿ, ಇಟ್ಟುಕೊಂಡದ್ದನ್ನು ಮುಚ್ಚಿಡಿ, ಯಾರನ್ನೂ ನಂಬಬೇಡಿ ಎನ್ನುವುದು ಅವರ ಮಂತ್ರ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಡುವೆ ಮಧ್ಯಾಹ್ನದ ಬುತ್ತಿ ಬಿಚ್ಚುವಾಗ ನಾನು ಯಾವ ಕಡೆಯವಳು ಎನ್ನುವುದೇ ಮರೆತುಹೋಗುತ್ತಿತ್ತು. ಮೇಡಂ ಕೊಟ್ಟ ಕೆಲಸವನ್ನು ಮುಗಿಸಿದರೆ ಸರ್ ಅದರಲ್ಲಿ ತಪ್ಪು ಹುಡುಕುತ್ತಿದ್ದರು, ಸರ್ ಹೇಳಿದಂತೆ ಮುಚ್ಚಿಟ್ಟರೆ ಮೇಡಂ ಇದರಲ್ಲಿ ಓದಲು ಏನಿದೆ ಎಂದು ಹಾಳೆಯನ್ನು ತಳ್ಳುತ್ತಿದ್ದರು. ಇಬ್ಬರೂ ಒಳ್ಳೆಯವರೇ. ಆದರೆ ಒಬ್ಬರಿಗೊಬ್ಬರು ಮಾತಾಡಿದ್ದನ್ನು ಎರಡು ವರ್ಷದಲ್ಲಿ ನಾನು ನೋಡಲಿಲ್ಲ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಿ ಎರಡೂ ವಿಷಯ ಇರಲೇಬೇಕಿತ್ತು. ನಾನು ಹುಮನಾಬಾದಿನ ಒಂದು ಸಣ್ಣ ಕುರಿ ಸಾಕಣೆದಾರರ ಸಂಘವನ್ನು ಹಿಡಿದೆ. ಮಳೆಗಾಲಕ್ಕೆ ಮುಂಚೆ ಕುರಿಗಳಿಗೆ ಲಸಿಕೆ ಹಾಕಿಸುವುದು ಆ ಸಂಘದ ಮುಖ್ಯ ಕೆಲಸ. ಯಾವ ಊರಿಗೆ ಯಾವ ದಿನ ಗಾಡಿ ಬರುತ್ತದೆ ಎಂದು ಸದಸ್ಯರ ಮೊಬೈಲಿಗೆ ಸಂದೇಶ ಹೋಗುತ್ತದೆ, ಅವರು ಕುರಿಗಳನ್ನು ಹೊಡೆದುಕೊಂಡು ಬರುತ್ತಾರೆ. ಒಂದೂರಿಗೆ ಲಸಿಕೆ ಹೆಚ್ಚು ಹೋಗಿ ಕೆಡುತ್ತದೆ, ಇನ್ನೊಂದೂರಿಗೆ ಸಾಲುವುದಿಲ್ಲ ಎನ್ನುವುದು ಅಲ್ಲಿನ ಕಾರ್ಯದರ್ಶಿಯ ಗೋಳು. ಪಟ್ಟಿಯಲ್ಲಿ ಸುಳ್ಳು ಹೆಸರುಗಳಿವೆ ಎಂಬ ಗುಮಾನಿಯೂ ಇತ್ತು. ಲೆಕ್ಕ ಹಾಕುವುದು ಅನಲಿಟಿಕ್ಸ್, ಸುಳ್ಳು ಹಿಡಿಯುವುದು ಸೆಕ್ಯುರಿಟಿ. ನನಗೆ ಹೇಳಿ ಮಾಡಿಸಿದಂತಿತ್ತು.

ಇಲ್ಲಿ ನಮ್ಮ ಕಾಶಮ್ಮ ಮೌಶಿಯ ಗಿರಣಿಯ ವಿಷಯ ಹೇಳಬೇಕು. ಮೌಶಿ ಎಂದರೆ ಅವ್ವನ ತಂಗಿ. ಹುಮನಾಬಾದಿಗೆ ಹತ್ತಿರದ ಹುಡಗಿ ಎಂಬ ಊರಿನಲ್ಲಿ ಅವಳದು ಹಿಟ್ಟಿನ ಗಿರಣಿ. ಏಳನೆಯ ತರಗತಿಯವರೆಗೆ ಓದಿದ್ದಾಳೆ. ಆ ಓಣಿಯಲ್ಲಿ ಮೊದಲು ಮೊಬೈಲು ತಂದವಳು ಅವಳೇ. ಆಗಿನಿಂದ ಯಾವ ಫಾರಂ ತುಂಬಿಸಿದರೂ ಓಣಿಯವರು ಬರೆಸುತ್ತಿದ್ದದ್ದು ಅವಳ ನಂಬರು. ರೇಷನ್ನಿಗೂ ಅದೇ, ಗ್ಯಾಸಿಗೂ ಅದೇ. ಆಮೇಲೆ ಮನೆಮನೆಗೆ ಮೊಬೈಲು ಬಂದರೂ ಈ ರೂಢಿ ಬದಲಾಗಲಿಲ್ಲ. ಮಕ್ಕಳ ಕೈಯಲ್ಲಿ ಇರುವ ಮೊಬೈಲು ಯಾವಾಗ ಕರೆನ್ಸಿ ಮುಗಿದು ಬಂದ್ ಆಗುತ್ತದೋ ಹೇಳಲಾಗದು, ಗಿರಣಿ ಎಲ್ಲಿಗೆ ಹೋಗುತ್ತದೆ ಎನ್ನುತ್ತಿದ್ದರು. ಕುರಿ ಕಾಯುವವರಂತೂ ವಾರಗಟ್ಟಲೆ ಅಡವಿಯಲ್ಲೇ ಇರುವವರು. ಸಂದೇಶ ಬಂದ ಕೂಡಲೇ ಮೌಶಿ ಗಿರಣಿಯ ಕಪ್ಪು ಬಾಗಿಲ ಮೇಲೆ ಸೀಮೆಸುಣ್ಣದಿಂದ ಅದನ್ನು ಬರೆಯುತ್ತಿದ್ದಳು. ಓದಲು ಬಾರದವರಿಗೆ ಓದಿ ಹೇಳುತ್ತಿದ್ದಳು. ಅಡವಿಯಲ್ಲಿದ್ದವರಿಗೆ ಅವರ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಚೀಟಿ ಇಟ್ಟು ಕಳಿಸುತ್ತಿದ್ದಳು. ಬುತ್ತಿಯ ಜೊತೆ ಸುದ್ದಿಯೂ ಅಡವಿಗೆ ಹೋಗುತ್ತಿತ್ತು.

ಸಣ್ಣವಳಿದ್ದಾಗ ರಜೆಗೆ ಹೋದರೆ ಓದಿ ಹೇಳುವ ಕೆಲಸ ನನ್ನದು. ಒಮ್ಮೆ ಉದ್ದದ ಸಂದೇಶವೊಂದನ್ನು ನಾನು ಅರ್ಧಕ್ಕೆ ಮೊಟಕು ಮಾಡಿ ಹೇಳಿದಾಗ ಮೌಶಿ ತಲೆಗೆ ಮೊಟಕಿದ್ದಳು.

“ಇದ್ದದ್ದು ಇದ್ದಂಗ ಓದಬೇಕು. ಮಂದಿ ಸುದ್ದಿ ಅದು. ನಾವು ಉಪ್ಪು ಖಾರ ಹಚ್ಚಬಾರದು, ಒಂದಕ್ಷರ ಬಿಡಬಾರದು.”

ನನ್ನ ಹತ್ತನೆಯ ತರಗತಿಯ ಫಲಿತಾಂಶ ಬಂದದ್ದು ಆ ನಂಬರಿಗೆ. ವಿಶ್ವವಿದ್ಯಾಲಯದ ನನ್ನ ಅರ್ಜಿಯಲ್ಲಿ ಇದ್ದದ್ದೂ ಅದೇ ನಂಬರು. ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದೆ.

ಹಾಗಿದ್ದೂ ನಾನು ಮಾಡಿದ್ದು ಹೀಗೆ. ಸಂಘದ ಪಟ್ಟಿ ಕೈಗೆ ಬಂದಾಗ ಸೆಕ್ಯುರಿಟಿ ಸರ್ ಮೊದಲೇ ತಾಕೀತು ಮಾಡಿದ್ದರು: ಜನರ ಹೆಸರು, ಊರು, ನಂಬರು ಯಾವುದೂ ನಿನ್ನ ಕಣ್ಣಿಗೂ ಬೀಳಬಾರದು, ಎಲ್ಲಕ್ಕೂ ಸಂಕೇತ ಹಾಕಿದ ಮೇಲೆಯೇ ಪಟ್ಟಿ ತೆರೆ. ಒಳ್ಳೆಯ ವಿದ್ಯಾರ್ಥಿನಿಯಲ್ಲವೇ ನಾನು, ಹಾಗೆಯೇ ಮಾಡಿದೆ. ಹೆಸರುಗಳು ಕ್ರಮಸಂಖ್ಯೆಗಳಾದವು. ಊರುಗಳು ಒಂದು, ಎರಡು, ಮೂರು ಆದವು. ನಂಬರುಗಳು ಅರ್ಥವಿಲ್ಲದ ಅಕ್ಷರಗಳಾದವು. ಆಮೇಲೆ ಪಟ್ಟಿ ತೆರೆದರೆ ಏಳನೆಯ ಊರಿನ ಎಲ್ಲ ಮೂವತ್ತೇಳು ಸಾಲುಗಳಲ್ಲೂ ಒಂದೇ ನಂಬರಿನ ಸಂಕೇತವಿತ್ತು.

ಮೇಡಂಗೆ ತೋರಿಸಿದೆ. “ಒಂದೇ ಮಾಹಿತಿ ಮತ್ತೆ ಮತ್ತೆ ತುಂಬಿದ್ದಾರೆ, ಪಟ್ಟಿ ಶುಚಿ ಮಾಡು, ಒಂದನ್ನು ಉಳಿಸಿ ಉಳಿದದ್ದನ್ನು ತೆಗೆ” ಎಂದರು. ಸರ್‌ಗೆ ತೋರಿಸಿದೆ. “ಒಂದು ನಂಬರಿನ ಹಿಂದೆ ಮೂವತ್ತೇಳು ಜನ ಎಂದರೆ ಒಬ್ಬ ದಲ್ಲಾಳಿ ಕೂತಿದ್ದಾನೆ. ಖಾತ್ರಿಯಾಗುವವರೆಗೆ ತಡೆಹಿಡಿ” ಎಂದರು. ಎರಡು ವರ್ಷದಲ್ಲಿ ಮೊದಲ ಸಲ ಇಬ್ಬರೂ ನನ್ನನ್ನು ಹೊಗಳಿದ್ದರು. ಅವತ್ತು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮಿರ್ಚಿ ಭಜಿ ತಿಂದು ಬಸ್ಸು ಹತ್ತಿದೆ. ಮೂವತ್ತೇಳೂ ಹೆಸರನ್ನು ಪಟ್ಟಿಯಿಂದ ತೆಗೆದು ಆ ನಂಬರನ್ನು ತಡೆಹಿಡಿದೆ. ಅದಕ್ಕೆ ಹೋಗಬೇಕಾದ ಸಂದೇಶವನ್ನೂ ನಾನೇ ಬರೆದೆ. ವರದಿಯಲ್ಲಿ ಚೆಂದ ಕಾಣಲಿ ಎಂದು ಇಂಗ್ಲಿಷಿನಲ್ಲಿ ಬರೆದೆ.

ಕಾರ್ಯದರ್ಶಿ ಪಾಪ, ಪ್ರಾಜೆಕ್ಟು ಎಂದರೆ ಅಂಕಕ್ಕೆ ಮಾಡುವ ಆಟ ಎಂದು ತಿಳಿಯಲಿಲ್ಲ. ಸಂಕೇತಗಳ ಜಾಗದಲ್ಲಿ ನಿಜವಾದ ಹೆಸರು, ನಂಬರು ಹಾಕಿಕೊಂಡು ನನ್ನ ಕೋಷ್ಟಕವನ್ನು ಆ ವರ್ಷವೇ ಜಾರಿಗೆ ತಂದರು. “ಭಾರಿ ಕೆಲಸ ಮಾಡೀರಿ ಮೇಡಂ” ಎಂದು ಫೋನಿನಲ್ಲಿ ಹೇಳಿದರು. ನನ್ನನ್ನು ಮೇಡಂ ಎಂದ ಮೊದಲ ಮನುಷ್ಯ ಅವರು. ಎರಡು ದಿನ ಆ ಮಾತಿನಲ್ಲೇ ತೇಲಾಡಿದೆ.

ಆ ವರ್ಷ ಮಳೆ ಬಿಡದೆ ಹಿಡಿಯಿತು. ಬಸ್ಸಿನ ಸೀಟುಗಳು ಒದ್ದೆ, ಪುಸ್ತಕದ ಅಂಚು ಒದ್ದೆ, ನನ್ನ ಚಪ್ಪಲಿಯ ಅಡಿ ಎರಡು ಸಲ ಕಿತ್ತುಬಂತು. ಪ್ರಾಜೆಕ್ಟಿನ ವರದಿಯನ್ನು ಮೇಡಂಗೊಂದು ಸಲ, ಸರ್‌ಗೊಂದು ಸಲ ತಿದ್ದಿ ತಿದ್ದಿ ಹೈರಾಣಾಗಿದ್ದೆ. ಹುಡಗಿಗೆ ಹೋಗಿ ಎರಡು ತಿಂಗಳ ಮೇಲಾಗಿತ್ತು. ಯಾವ ಇಂಗ್ಲಿಷ್ ಸಂದೇಶ ಬಂದರೂ ಮೌಶಿ ನಾನು ಬರುವ ತನಕ ಇಟ್ಟುಕೊಂಡಿರುತ್ತಾಳೆ ಎಂಬುದು ಗೊತ್ತಿತ್ತು. ಏನಾದರೂ ಬಂದಿದ್ದರೆ ಇರಲಿ, ಹೋದಾಗ ಓದಿ ಹೇಳೋಣ ಎಂದು ಬಿಟ್ಟಿದ್ದೆ.

ಒಂದು ಶನಿವಾರ ಸಂಜೆ ಅಪ್ಪ ಆಟೋ ನಿಲ್ಲಿಸಿ ಒಳಗೆ ಬಂದು ಕಾಲು ತೊಳೆಯದೆಯೇ ಹೊಸ್ತಿಲಲ್ಲಿ ನಿಂತರು.

“ಹುಡಗ್ಯಾಗ ಕುರಿ ಬೀಳಾಕತ್ತಾವಂತ. ನಾಲಿಗಿ ನೀಲಿ ಆಗಿ ಸಾಯಾಕತ್ತಾವ. ಈ ಸಲ ಸೂಜಿ ಗಾಡಿ ಆ ಊರಿಗೆ ಬಂದೇ ಇಲ್ಲಂತ.”

“ಯಾಕ?” ಎಂದು ಅವ್ವ ಕೇಳಿದಳು.

“ಕಾಶಮ್ಮನ ನಂಬರಿಗಿ ಮೆಸೇಜ್ ಹೋಗಿತ್ತಂತ. ಆಕಿ ಮಂದಿಗಿ ಹೇಳೋದು ಮರತಾಳಂತ. ಹಂಗಂತ ಮಂದಿ ಮಾತಾಡಾಕತ್ತಾರ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ನನಗೆ ಮುಟ್ಟಿ ನೋಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಏಳನೆಯ ಊರು. ಮೂವತ್ತೇಳು ಹೆಸರು. ಕೈಯಲ್ಲಿದ್ದ ಚಹಾ ಕಪ್ಪನ್ನು ಕೆಳಗಿಟ್ಟೆ.

ಮರುದಿನ ಭಾನುವಾರ ಅಪ್ಪನ ಆಟೋದಲ್ಲಿ ಹುಡಗಿಗೆ ಹೋದೆವು. ಊರಿನ ಮೊದಲಿಗೇ ಮಾಳಪ್ಪ ಮುತ್ಯಾನ ಹಟ್ಟಿ. ನಾನು ಸಣ್ಣವಳಿದ್ದಾಗ ಕುರಿಮರಿ ಎತ್ತಿಕೊಳ್ಳಲು ಕೊಡುತ್ತಿದ್ದ ಮುದುಕ. ಕೆಸರಿನಲ್ಲಿ ಕುರಿಗಳು ಮಲಗಿದ್ದವು. ತುಟಿಗಳು ಊದಿಕೊಂಡಿದ್ದವು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೇಯಲು ಆಗದ ಕುರಿಯೊಂದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮುತ್ಯಾ ಜೋಳದ ಹಿಟ್ಟಿನ ಅಂಬಲಿಯನ್ನು ಅಂಗೈಯಿಂದ ಕುಡಿಸುತ್ತಿದ್ದ. ಅದು ನುಂಗಲಿಲ್ಲ. ಅವನು ಬಾಯಿ ಒರೆಸಿ ಮತ್ತೆ ಕುಡಿಸಿದ.

“ಎಷ್ಟು ಹೋದವು ಮುತ್ಯಾ?” ಎಂದು ಅಪ್ಪ ಕೇಳಿದರು.

“ಹೋದದ್ದು ಬಿಡು. ಉಳದದ್ದು ಹನ್ನೊಂದ ಅವ” ಎಂದ ಮುತ್ಯಾ. ಅವನ ಹತ್ತಿರ ಐವತ್ತರ ಮೇಲಿದ್ದವು.

ಹಿಟ್ಟು ಎಲ್ಲಿ ಬೀಸಿಸಿದ್ದು ಎಂದು ನಾನು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ. ಅವನು ತಲೆ ಎತ್ತಲಿಲ್ಲ. “ಕಾಶಮ್ಮನ ಗಿರಣಿಗಿ ಹೋಗಾಂಗಿಲ್ಲ ಈಗ. ಆಚಿ ಓಣ್ಯಾಗ ಬೀಸಸ್ತೀವಿ” ಎಂದ.

ಗಿರಣಿಯಲ್ಲಿ ಭಾನುವಾರದ ಸಾಲು ಇರಬೇಕಿತ್ತು. ಒಂದು ಡಬ್ಬಿಯೂ ಇರಲಿಲ್ಲ. ಬೆಲ್ಟು ನಿಂತಿತ್ತು. ಮೌಶಿ ಬಾಗಿಲ ಬಳಿ ಸ್ಟೂಲಿನ ಮೇಲೆ ಕುಳಿತು ಮೊಬೈಲಿನ ಹಳೆಯ ಸಂದೇಶಗಳನ್ನು ಒಂದೊಂದಾಗಿ ನೋಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ಮತ್ತೆ ಬಾಡಿತು.

“ಬಾ ಬಂಗಾರಿ. ನೋಡು, ದಿನಾ ಹುಡಕಾಕತ್ತೇನಿ. ಸೂಜಿ ಮೆಸೇಜ್ ಎಲ್ಲೂ ಸಿಗವಲ್ದು. ಸಂಘದವರು ಕಳಸೀವಿ ಅಂತಾರ. ಮಂದಿ ನೀ ಮರತಿ ಅಂತಾರ. ನಾನೇ ಓದಿ ಅಳಿಸಿನೇನೋ ಅಂತ ನನಗೇ ಅನುಮಾನ ಬರಾಕತ್ತದ. ವಯಸ್ಸಾಯ್ತಲ್ಲ.”

ವಯಸ್ಸು ಎಲ್ಲಿ ಆಗಿತ್ತು ಅವಳಿಗೆ? ಮೊಬೈಲನ್ನು ನನ್ನ ಕೈಗೆ ಕೊಟ್ಟು ಒಂದು ಸಂದೇಶದ ಮೇಲೆ ಬೆರಳಿಟ್ಟಳು. “ಇದೊಂದು ಇಂಗ್ಲಿಷಿಂದು ಬಂದದ. ನೀ ಬಂದಾಗ ಕೇಳಬೇಕಂತ ಇಟ್ಟೀನಿ. ಏನದ ಅದ್ರಾಗ?”

ನನ್ನ ವಾಕ್ಯವೇ ಅಲ್ಲಿತ್ತು. ಪೂರ್ಣವಿರಾಮ ಕೂಡ ನಾನಿಟ್ಟ ಕಡೆಯೇ ಇತ್ತು. ಈ ನಂಬರಿನಲ್ಲಿ ಒಂದಕ್ಕಿಂತ ಹೆಚ್ಚು ಹೆಸರುಗಳಿರುವುದರಿಂದ ಖಾತ್ರಿಯಾಗುವವರೆಗೆ ಸೇವೆ ತಡೆಹಿಡಿಯಲಾಗಿದೆ ಎನ್ನುವ ಸಂದೇಶ. ಸಂಘದವರು ಕಳಿಸಿದ್ದು ಇದನ್ನು. ಊರಿನವರಿಗೆ ‘ಮೆಸೇಜು ಹೋಗಿದೆ’ ಎಂದು ತೋರಿಸಿದ್ದೂ ಇದನ್ನೇ.

“ಏನಿಲ್ಲ ಮೌಶಿ, ಕಂಪನಿ ಮೆಸೇಜ್” ಎಂದೆ.

ಒಂದಕ್ಷರವನ್ನೂ ಬಿಡಬಾರದೆಂದು ಕಲಿಸಿದವಳ ಎದುರು ಇಡೀ ಸಂದೇಶವನ್ನೇ ಬಿಟ್ಟೆ. ಯಾಕೆಂದು ನನಗೆ ಚೆನ್ನಾಗಿ ಗೊತ್ತು. ಒಂಬತ್ತು ದಿನಕ್ಕೆ ನನ್ನ ಮೌಖಿಕ ಪರೀಕ್ಷೆ ಇತ್ತು. ಆ ಮೂವತ್ತೇಳು ಸಾಲುಗಳನ್ನು ಹಿಡಿದದ್ದೇ ನನ್ನ ವರದಿಯ ಜೀವ. ಅದು ತಪ್ಪು ಎಂದರೆ ಎರಡು ವರ್ಷದ ಬಸ್ಸು, ಮಳೆ, ಅಪ್ಪನ ಆಟೋ ಎಲ್ಲ ನೀರುಪಾಲು. ಪರೀಕ್ಷೆ ಮುಗಿಯಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡೆ. ಅವತ್ತಿನ ನನ್ನನ್ನು ನೆನೆದರೆ ಈಗಲೂ ಅಸಹ್ಯವಾಗುತ್ತದೆ.

ಆ ಒಂಬತ್ತು ದಿನ ಹೇಗೆ ಕಳೆದವೆಂದು ಕೇಳಬೇಡಿ. ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಕಿಟಕಿಯಾಚೆ ಎಲ್ಲಿಯಾದರೂ ಕುರಿಮಂದೆ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ವರದಿಯ ಪುಟ ತಿರುವಿ, “ಆ ದಲ್ಲಾಳಿ ಸಿಕ್ಕನೇ?” ಎಂದು ನಗುತ್ತಾ ಕೇಳಿದರು. ಮೇಡಂ ನಕ್ಕರು, ಸರ್ ನಕ್ಕರು. ನಾನೂ ನಕ್ಕೆ. “ಇನ್ನೂ ವಿಚಾರಣೆಯಲ್ಲಿದೆ ಸರ್” ಎಂದೆ.

ಎರಡು ವಾರದ ಮೇಲೆ ಮೌಶಿಯ ಫೋನು ಬಂತು. ಅಷ್ಟು ದಿನವಾದರೂ ನಾನು ಹೇಳಿರಲಿಲ್ಲ. ಅವಳ ದನಿಯಲ್ಲಿ ಹಳೆಯ ಉತ್ಸಾಹ.

“ಬಂಗಾರಿ, ನಿಂದು ರಿಸಲ್ಟ್ ಬಂತು ನೋಡು ನನ್ನ ಮೊಬೈಲಿಗಿ! ಫಸ್ಟ್ ಕ್ಲಾಸ್ ಅಂತ ಅದ. ಅಷ್ಟು ಇಂಗ್ಲಿಷ್ ನನಗೂ ತಿಳಿತದ. ಬಾಗಲ ಮ್ಯಾಲ ಬರದೀನಿ, ದೊಡ್ಡ ಅಕ್ಷರದಾಗ.”

ಯಾರು ಓದುತ್ತಾರೆ ಅದನ್ನು ಎಂದು ಕೇಳಲು ಬಾಯಿ ಬರಲಿಲ್ಲ. ಯಾರೂ ಬಾರದ ಗಿರಣಿಯ ಬಾಗಿಲಿಗೆ ನಾನು ಪಾಸಾದ ಸುದ್ದಿ ಬರೆದು, ಅದರ ಕೆಳಗೆ ಒಬ್ಬಳೇ ಕುಳಿತ ಮೌಶಿ ಕಣ್ಣಿಗೆ ಕಟ್ಟಿದಳು. ಆಗ ಅತ್ತೆ. ಅಪ್ಪನಿಗೆ ಎಲ್ಲ ಹೇಳಿದೆ. ಅವರು ಆಟೋ ಚಾವಿ ತೆಗೆದುಕೊಂಡರು. “ನಡಿ, ಹೋಗೋಣು” ಎಂದಷ್ಟೇ ಹೇಳಿದರು.

ಮೊದಲು ಸಂಘದ ಕಚೇರಿಗೆ ಹೋದೆವು. ಕಾರ್ಯದರ್ಶಿಗೆ ಆ ಮೂವತ್ತೇಳು ಮಂದಿ ಯಾರೆಂದು ಹೇಳಿದೆ. ಅವರು ಹಣೆ ಹಿಡಿದು ಕುಳಿತರು. “ನಿಮ್ಮ ಪಟ್ಟಿ ಪ್ರಕಾರ ಮಾಡೀವ್ರಿ ಮೇಡಂ” ಎಂದರು. ಈ ಸಲ ಮೇಡಂ ಎಂಬ ಮಾತು ಕಪಾಳಕ್ಕೆ ಬಡಿದಂತಾಯಿತು. ಉಳಿದ ಕುರಿಗಳಿಗಾದರೂ ಮುಂದಿನ ಸಲ ತಪ್ಪದಂತೆ ಹೆಸರುಗಳನ್ನು ಮತ್ತೆ ಸೇರಿಸಬೇಕು ಎಂದೆ. ಖಾಲಿ ಫಾರಮುಗಳ ಕಟ್ಟನ್ನು ಕೊಟ್ಟರು.

ಹುಡಗಿಯಲ್ಲಿ ಮಳೆ ನಿಂತು ಬಿಸಿಲು ಬಿದ್ದಿತ್ತು. ಮಾಳಪ್ಪ ಮುತ್ಯಾನನ್ನು ಅವನ ಹಟ್ಟಿಯಿಂದ ನಾನೇ ಕರೆದೆ. ಗಿರಣಿಗೆ ಎಂದಾಗ ಬರಲೊಪ್ಪಲಿಲ್ಲ. ಅಪ್ಪ ಕೈ ಹಿಡಿದು ಕರೆತಂದರು. ಅವನ ಹಿಂದೆ ಓಣಿಯ ಏಳೆಂಟು ಜನ ಬಂದು ದೂರದಲ್ಲೇ ನಿಂತರು. ಬಾಗಿಲ ಮೇಲೆ ನನ್ನ ಹೆಸರು, ಫಸ್ಟ್ ಕ್ಲಾಸ್. ಮೌಶಿ ಏನೆಂದು ಕೇಳುವ ಮೊದಲೇ ನಾನು ಅದನ್ನು ಸೆರಗಿನಿಂದ ಒರೆಸಿ, ಸೀಮೆಸುಣ್ಣ ತೆಗೆದುಕೊಂಡು ಬರೆದೆ. ಬಾಯಿಂದ ಹೇಳುವ ಧೈರ್ಯ ಇರಲಿಲ್ಲ, ಅದಕ್ಕೇ ಬರೆದೆ.

ಬರೆದು ಮುಗಿಸಿ ಪಕ್ಕಕ್ಕೆ ಸರಿದೆ. ಮುತ್ಯಾನಿಗೆ ಓದಲು ಬರುವುದಿಲ್ಲ. “ಏನ್ ಬರದಾಳ?” ಎಂದು ಎಷ್ಟೋ ವಾರಗಳ ಮೇಲೆ ಮೊದಲ ಸಲ ಕಾಶಮ್ಮನ ಕಡೆ ನೋಡಿ ಕೇಳಿದ.

ಮೌಶಿ ಮೊದಲು ಮನಸ್ಸಿನಲ್ಲೇ ಓದಿಕೊಂಡಳು. ಅವಳ ಕಣ್ಣು ಕೊನೆಯ ಸಾಲಿಗೆ ಬಂದು ಅಲ್ಲೇ ನಿಂತದ್ದನ್ನು ನೋಡಿದೆ. ನನ್ನ ಕಡೆ ತಿರುಗಲಿಲ್ಲ. ಜೋರಾಗಿ ಓದಿದಳು.

“ಸೂಜಿಯ ಮೆಸೇಜು ಈ ನಂಬರಿಗೆ ಬಂದೇ ಇಲ್ಲ. ಕಾಶಮ್ಮ ಮರೆತಿಲ್ಲ. ಪಟ್ಟಿಯಿಂದ ನಿಮ್ಮೆಲ್ಲರ ಹೆಸರನ್ನು ತೆಗೆದುಹಾಕಿದ್ದರು.”

“ಮುಗೀತೇನು?”

“ಮುಗೀತು” ಎಂದಳು ಮೌಶಿ.

ಇಷ್ಟು ವರ್ಷ ಒಂದಕ್ಷರ ಬಿಡದೆ ಓದಿದವಳು ನನ್ನ ಸಲುವಾಗಿ ಒಂದು ಸಾಲನ್ನು ನುಂಗಿದ್ದಳು. ಓಣಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಅಲ್ಲಿಗೆ ಬಿಟ್ಟುಬಿಡಬಹುದಿತ್ತು. ಬಿಡಬೇಕೆಂದು ಜೀವ ಹೇಳುತ್ತಿತ್ತು, ಅಷ್ಟು ದಣಿದಿದ್ದೆ.

“ಇನ್ನೊಂದು ಸಾಲು ಅದ ಮುತ್ಯಾ” ಎಂದೆ. “ಹೆಸರು ತೆಗೆದವಳು ನಾನು, ಅಂತ ಅದ.”

ಮುತ್ಯಾ ನನ್ನನ್ನು ನೋಡುತ್ತಾ ನಿಂತ. ಬೈಯಲಿ ಎಂದು ಕಾದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. “ಓದಿದವರು ಕೈಯಾರೆ ಹಿಂಗ ಮಾಡಿದರ ಹ್ಯಾಂಗವಾ?” ಎಂದ, ನಿಜಕ್ಕೂ ಉತ್ತರ ಬೇಕಾದವನಂತೆ. ಅವನು ಮೌಶಿಯ ಮುಂದೆ ಹೋಗಿ ಎರಡೂ ಕೈ ಜೋಡಿಸಿದ. ಅವಳು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

ಆಮೇಲೆ ಅವನು ಗಿರಣಿಯ ಕಟ್ಟೆಯ ಮೇಲೆ ಕುಳಿತ. “ಸತ್ತ ಕುರಿ ಬರಂಗಿಲ್ಲ. ಉಳದದ್ದು ಒಂಬತ್ತು ಅವ” ಎಂದ. ಆ ಭಾನುವಾರ ಹನ್ನೊಂದಿದ್ದವು. ನಾನು ಸುಮ್ಮನಿದ್ದ ದಿನಗಳಲ್ಲಿ ಇನ್ನೆರಡು ಹೋಗಿದ್ದವು. “ಆ ಫಾರಂ ತಂದೀಯಲ್ಲ, ಬರಿ ನಂದು ಮತ್ತ.”

ಫಾರಮನ್ನು ಮೊಣಕಾಲ ಮೇಲಿಟ್ಟುಕೊಂಡೆ. ಹೆಸರು ಬರೆದೆ, ಊರು ಬರೆದೆ. ಮೊಬೈಲ್ ನಂಬರಿನ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. ಅವನ ಮೊಮ್ಮಗನ ಹತ್ತಿರ ಮೊಬೈಲು ಇದೆ ಎಂಬುದು ನನಗೆ ಗೊತ್ತಿತ್ತು. “ಯಾರ ನಂಬರ್ ಹಾಕಲಿ ಮುತ್ಯಾ?” ಎಂದೆ.

ಅವನಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು.

“ಯಾರದಂದ್ರ? ಕಾಶಮ್ಮಂದು ಹಾಕು. ನಿನಗ ಬಾಯಾಗ ಬರತದಲ್ಲ?”

ಬರುತ್ತಿತ್ತು. ಯಾರನ್ನೂ ಕೇಳದೆ ಹತ್ತೂ ಅಂಕಿಗಳನ್ನು ಬರೆದೆ. ಆ ಸಂಜೆ ಅದೇ ಕಟ್ಟೆಯ ಮೇಲೆ ಕುಳಿತು ಅದೇ ನಂಬರನ್ನು ಮೂವತ್ತೇಳು ಸಲ ಬರೆದೆ.